ಮಣ್ಣಿನ ಮಗನಾರು?
ದಿವಂಗತ ಪಂಜೆ ಮಂಗೇಶರಾಯರ ಜೀವಿತ

ದೇಶಕ್ಕೆ ಸೇರಿದವನಾರು, ಸೇರದವನಾರು ಎಂಬ ಪ್ರಶ್ನೆಯು ಇಂದು ಲೋಕದ ಅನೇಕ ಕಡೆಗಳಲ್ಲಿ ಎದ್ದು ನಿಂತಿದೆ. ಯೂರೋಪಿನ ರಾಷ್ಟ್ರಗಳಲ್ಲಿ ಹೊರಗಿನಿಂದ ಬಂದು ನೆಲೆಸಿದವರ ನಿಷ್ಠೆಯನ್ನು ಕುರಿತು ವಾದವಿವಾದಗಳು ನಡೆಯುತ್ತಿವೆ. ನಮ್ಮ ದೇಶದಲ್ಲಿಯೇ, ೨೦೧೯ರ ಆಗಸ್ಟ್ ತಿಂಗಳಲ್ಲಿ ಅಸ್ಸಾಮಿನಲ್ಲಿ ಪ್ರಕಟವಾದ ಪೌರರ ಪಟ್ಟಿಯಿಂದ ೧೯ ಲಕ್ಷಕ್ಕೂ ಮಿಕ್ಕ ಜನರು ಹೊರಗುಳಿದರು. ಕನ್ನಡನಾಡಿನಲ್ಲಿಯೂ ಮಣ್ಣಿನ ಮಕ್ಕಳೆಂದರೆ ಯಾರು ಎಂಬ ಮಾತು ಉದ್ಯೋಗದ ಪ್ರಶ್ನೆ ಬಂದಾಗಲೆಲ್ಲ ಏಳುತ್ತದೆ. ಇಂಥ ಪ್ರಶ್ನೆಗಳು ಬರಿಯ ತತ್ತ್ವವಿಚಾರದಿಂದ ಇತ್ಯರ್ಥವಾಗುವುದು ಕಷ್ಟ. ಒಬ್ಬ ಮನುಷ್ಯನ ಜೀವಿತವನ್ನು ಎದುರಿಗಿಟ್ಟುಕೊಂಡು ನೋಡಿದರೆ ಕೆಲವು ಸಲ ನೀರು ತಿಳಿಯಾಗುವುದುಂಟು. ಆದುದರಿಂದ ಈ ದಿನ ನಾವು ನಮ್ಮ ಜಿಲ್ಲೆಯವರೇ ಆದ ಪಂಜೆ ಮಂಗೇಶರಾಯರ ಜೀವಿತವನ್ನು ವಾಚಕರ ಮುಂದಿಡುತ್ತೇವೆ.

ಫಲ್ಗುಣಿಯ ದಡದಲ್ಲಿರುವ ಪೊಳಲಿಯ ರಾಜರಾಜೇಶ್ವರಿಯ ಸನ್ನಿಧಿಯನ್ನು ಅರಿಯದವರು ನಮ್ಮ ವಾಚಕರಲ್ಲಿ ವಿರಳ. ಅಲ್ಲಿಯ ಮೂಲವಿಗ್ರಹವು ಶಿಲೆಯದಲ್ಲ, ಲೋಹದ್ದಲ್ಲ, ಮಣ್ಣಿನದು. ಅದನ್ನು ಮಾಡಿದವನು ಸುರಥ ಮಹಾರಾಜನೆಂದು ಸ್ಥಳದ ಪ್ರತೀತಿ. ದೇವೀಮಾಹಾತ್ಮ್ಯೆಯನ್ನು ಪಾರಾಯಣ ಮಾಡುವವರಿಗೆ ಸುರಥನ ಕಥೆ ಗೊತ್ತೇ ಇದೆ. ಶತ್ರುಗಳಿಗೆ ಸೋತು, ಸ್ವಂತ ಮಂತ್ರಿಗಳಿಂದಲೇ ಬೊಕ್ಕಸವನ್ನು ಕಳೆದುಕೊಂಡು, ರಾಜ್ಯಭ್ರಷ್ಟನಾಗಿ ಅಡವಿಗೆ ಬಂದ ಅರಸನಾತ. ಅವನ ಜೊತೆಗಾರನಾದ ಸಮಾಧಿಯೆಂಬ ವೈಶ್ಯನೂ ಹೆಂಡತಿಮಕ್ಕಳಿಂದ ಹೊರದೂಡಲ್ಪಟ್ಟವನು. ಮನೆಯಿಲ್ಲದ ಆ ಇಬ್ಬರು ತಾವು ಬಂದು ನಿಂತ ನದೀತೀರದ ಮಣ್ಣನ್ನೇ ಕೈಗೆತ್ತಿಕೊಂಡು ದೇವಿಯನ್ನು ರೂಪಿಸಿ ಪೂಜಿಸಿದರು. ಹೊರಗಿನಿಂದ ಬಂದವನ ಕೈಯಲ್ಲಿ ಈ ನೆಲದ ಮಣ್ಣು ದೇವತೆಯಾಯಿತೆಂದು ನಂಬಿ ಕೈಮುಗಿಯುವ ಜನರು ನಾವು. ಬಂದವರ ವಿಚಾರವಾಗಿ ತೀರ್ಪು ಹೇಳುವ ಮೊದಲು ಇದೊಂದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಪೊಳಲಿಯಿಂದ ಕೆಲವೇ ಮೈಲಿಗಳ ದೂರದಲ್ಲಿ, ನೇತ್ರಾವತಿಯ ದಡದ ಬಂಟವಾಳದಲ್ಲಿ, ೧೮೭೪ನೆಯ ಇಸವಿ ಫೆಬ್ರವರಿ ೨೨ರಂದು ಮಂಗೇಶರಾಯರು ಜನಿಸಿದರು. ತಂದೆ ರಾಮಪ್ಪಯ್ಯನವರು, ತಾಯಿ ಸೀತಮ್ಮನವರು. ಮನೆತನವು ಚಿತ್ರಾಪುರ ಸಾರಸ್ವತರದು, ಮನೆಮಾತು ಕೊಂಕಣಿ. ಹದಿನಾರನೆಯ ಶತಮಾನದಲ್ಲಿ ಗೋವೆಯು ಪೋರ್ಚುಗೀಸರ ವಶವಾಗಿ, ೧೫೬೦ರಲ್ಲಿ ಅಲ್ಲಿ ಮತಪರೀಕ್ಷೆಯ ನ್ಯಾಯಾಸ್ಥಾನವು ಸ್ಥಾಪಿತವಾದ ಕಾಲದಲ್ಲಿ, ಸಾರಸ್ವತ ಕುಟುಂಬಗಳು ತಂಡತಂಡವಾಗಿ ತೆಂಕಣಕ್ಕೆ ಇಳಿದು ಬಂದುವು. ಕೆಳದಿಯ ಅರಸರ ಸೀಮೆಯಲ್ಲಿ ಅವರಿಗೆ ಆಶ್ರಯ ದೊರೆಯಿತು. ಲೆಕ್ಕಪತ್ರದ ಕೆಲಸದಲ್ಲಿ ಚತುರರಾದುದರಿಂದ ಶಾನುಭೋಗಿಕೆಯೇ ಮೊದಲಾದ ಅಧಿಕಾರಗಳೂ ದೊರೆತುವು.

ಹೊಸಬರನ್ನು ಊರು ಒಮ್ಮೆಗೇ ನಂಬಿತೆಂದಲ್ಲ. ನಿಮ್ಮ ಗುರುಗಳಾರು, ಮಠವೆಲ್ಲಿ ಎಂದು ನಗರದ ಅರಮನೆಯಿಂದ ಪ್ರಶ್ನೆ ಬಂದಿತೆಂದೂ, ತೋರಿಸಲು ಗುರುಗಳಿಲ್ಲದೆ ಆ ಸಮಾಜದವರು ಕಳವಳಗೊಂಡರೆಂದೂ, ೧೭೦೮ರಲ್ಲಿ ಗೋಕರ್ಣದಲ್ಲಿ ಪರಿಜ್ಞಾನಾಶ್ರಮ ಸ್ವಾಮಿಗಳು ಅವರಿಗೆ ಗುರುಗಳಾಗಿ ದೊರೆತರೆಂದೂ ಆ ಸಮಾಜದ ಪರಂಪರೆಯು ಹೇಳುತ್ತದೆ. ಇಂದಿನ ಕಚೇರಿಗಳಲ್ಲಿ ಬಂದವರೊಡನೆ ಕಾಗದಪತ್ರಗಳನ್ನು ಕೇಳುವ ರೀತಿಗೂ ಇದಕ್ಕೂ ಹೆಚ್ಚಿನ ಭೇದವನ್ನು ನಾವು ಕಾಣೆವು. ಅವರು ಗುರುಪೀಠವನ್ನು ಪಡೆದರು. ಮಾತ್ರವಲ್ಲ, ತಾವು ನಿಂತ ಊರುಗಳ ಹೆಸರುಗಳನ್ನೇ ಮನೆತನದ ಹೆಸರುಗಳನ್ನಾಗಿ ಮಾಡಿಕೊಂಡರು. ಕಾರ್ನಾಡು, ಉಳ್ಳಾಲ, ಬೆನಗಲ್ ಎಂಬ ಮನೆಹೆಸರುಗಳೆಲ್ಲ ಈ ಬಗೆಯವು. ಸುಬ್ರಹ್ಮಣ್ಯದ ಸಮೀಪದ ಪಂಜ ಎಂಬ ಊರಿನಿಂದ ಬಂದವರು ಪಂಜೆಯವರಾದರು. ಗೋವೆಯ ಊರು ಹೆಸರಿನಲ್ಲಿ ಉಳಿಯಲಿಲ್ಲ, ಮಾತಿನಲ್ಲಿ ಮಾತ್ರ ಉಳಿಯಿತು.

ಮಂಗೇಶರಾಯರ ಬಾಲ್ಯವು ಸುಖದ್ದಾಗಿರಲಿಲ್ಲ. ಮನೆಯಲ್ಲಿ ಬಡತನ, ತಂದೆಯವರು ಬೇಗನೆ ತೀರಿಕೊಂಡುದರಿಂದ ಸಂಸಾರದ ಭಾರವು ಎಳೆಯ ಹೆಗಲಿಗೆ ಬಿತ್ತು. ಬಂಟವಾಳದಲ್ಲಿ ಆರಂಭವಾದ ವಿದ್ಯಾಭ್ಯಾಸವನ್ನು ಮಂಗಳೂರಿನಲ್ಲಿ, ಇತರ ಹುಡುಗರಿಗೆ ಪಾಠ ಹೇಳಿ ಸಂಪಾದಿಸುತ್ತ, ಮುಂದುವರಿಸಿದರು. ಆ ಕಾಲದ ತೆಂಕಣ ಕನ್ನಡ ಜಿಲ್ಲೆಯ ಹುಡುಗನ ಪಾಡು ವಿಚಿತ್ರವಾದುದು. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮೇಲಿನ ತರಗತಿಗಳಲ್ಲಿ ಇಂಗ್ಲಿಷ್. ಆಳುವ ಸರ್ಕಾರವೋ ಮದರಾಸಿನಲ್ಲಿ. ಕನ್ನಡವು ಇಲ್ಲಿಯ ಬಹುಜನರಿಗೆ ತಾಯಿಯ ಮಡಿಲಲ್ಲಿ ಕಲಿತ ನುಡಿಯಲ್ಲ, ಉಪಾಧ್ಯಾಯರ ಬಾಯಿಂದ ಕಲಿತ ನುಡಿ. ಈ ಸ್ಥಿತಿಯನ್ನು ಮನಸ್ಸಿಗೆ ತಂದುಕೊಳ್ಳದೆ ಪಂಜೆಯವರು ಮಾಡಿದ ಕೆಲಸದ ಬೆಲೆ ತಿಳಿಯಲಾರದು.

೧೮೯೪ರಲ್ಲಿ ಅವರು ಬೆನಗಲ್ ರಾಮರಾಯರ ತಂಗಿಯನ್ನು ವಿವಾಹವಾದರು. ಮುಂದೆ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರ ಕೆಲಸಕ್ಕೆ ಸೇರಿದರು; ಕೆಲಸದಲ್ಲಿದ್ದುಕೊಂಡೇ ಓದಿ ಬಿ.ಎ., ಎಲ್.ಟಿ. ಪರೀಕ್ಷೆಗಳನ್ನು ಮುಗಿಸಿದರು. ಮಂಜೇಶ್ವರದ ಗೋವಿಂದ ಪೈಗಳು ಅವರ ಶಿಷ್ಯರಲ್ಲೊಬ್ಬರು. ಬೆನಗಲ್ ರಾಮರಾಯರು ಮಂಗಳೂರಿನಿಂದ ಹೊರಡಿಸಿದ ಸುವಾಸಿನಿ ಮಾಸಪತ್ರಿಕೆಯಲ್ಲಿ ೧೯೦೦ರಲ್ಲಿ ಪ್ರಕಟವಾದ ನನ್ನ ಚಿಕ್ಕತಾಯಿ ಮೊದಲಾದ ಪಂಜೆಯವರ ಬರಹಗಳನ್ನು ಹೊಸಗನ್ನಡದ ಸಣ್ಣಕಥೆಯ ಮೊದಲ ಹೆಜ್ಜೆಗಳೆಂದು ವಿದ್ವಾಂಸರು ಎಣಿಸುತ್ತಾರೆ. ಕವಿಶಿಷ್ಯ, ಹರಟೆಮಲ್ಲ, ರಾ.ಮ.ಪಂ. ಎಂಬ ಹೆಸರುಗಳ ಮರೆಯಲ್ಲಿ ನಿಂತು ಅವರು ಬರೆದರು. ತಮ್ಮ ಹೆಸರನ್ನು ಮುಂದೆಮಾಡುವ ಆತುರವು ಅವರಲ್ಲಿರಲಿಲ್ಲ.

ಬಳಿಕ ಅವರು ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರರಾದರು. ಇನ್‌ಸ್ಪೆಕ್ಟರರೆಂದರೆ ಹಳ್ಳಿಯ ಶಾಲೆಯು ನಡುಗುತ್ತಿದ್ದ ಕಾಲವದು. ಹೊಳೆ ದಾಟಿ, ಗುಡ್ಡ ಹತ್ತಿ, ಎತ್ತಿನ ಗಾಡಿಯಲ್ಲಿಯೂ ಕಾಲ್ನಡೆಯಲ್ಲಿಯೂ ಹೋಗಿ ನೋಡಬೇಕಾದ ಶಾಲೆಗಳವು. ಅಲ್ಲಿ ಪಂಜೆಯವರು ಕಂಡದ್ದೇನು? ತುಳು, ಕೊಂಕಣಿ, ಬ್ಯಾರಿ, ಮರಾಟಿ ಮನೆಗಳಿಂದ ಬಂದ ಮಕ್ಕಳು ಅರ್ಥವಾಗದ ಹಳೆಯ ಪದ್ಯಗಳನ್ನು ಬಾಯಿಪಾಠ ಮಾಡಿ ಬೆತ್ತಕ್ಕೆ ಹೆದರಿ ಒಪ್ಪಿಸುತ್ತಿದ್ದುದನ್ನು. ಇಂಥ ಮಗುವಿಗೆ ಕನ್ನಡವು ಸುಂಕದ ಕಟ್ಟೆಯಂತೆ ಅಡ್ಡವಾಗಿ ನಿಂತಿರುವಾಗ, ನಾಡನ್ನು ಪ್ರೀತಿಸು ಎಂದು ಹೇಳಿದರೆ ಫಲವೇನು? ಪಂಜೆಯವರು ಬೆತ್ತದ ಮೇಲೆ ವರದಿ ಬರೆದು ಸುಮ್ಮನಾಗದೆ ಪದ್ಯವನ್ನೇ ಬದಲಾಯಿಸಿದರು. ಹಾವಿನ ಹಾಡು, ತೆಂಕಣ ಗಾಳಿಯಾಟ ಮೊದಲಾದುವನ್ನು ಬರೆದರು. ಮಗುವು ನಿತ್ಯ ಕಾಣುವ ಹಾವು, ಕಡಲಿನಿಂದ ಬೀಸಿ ತೆಂಗುಗಳನ್ನು ಅಲುಗಿಸುವ ಗಾಳಿ, ನಾಲಗೆಗೆ ಸುಲಭವಾದ ಮಾತು, ಕಾಲಿಗೆ ಕುಣಿತ ಬರುವ ಲಯ. ಅರ್ಥ ತಿಳಿಯುವ ಮೊದಲೇ ನಾದವು ಒಳಹೊಕ್ಕು, ಕನ್ನಡವು ಪರಭಾಷೆಯೆಂಬ ಭಾವವು ತಾನಾಗಿ ಕರಗಿತು. ಅಂದಿನಿಂದ ಇಂದಿನ ತನಕ ಈ ಹಾಡುಗಳನ್ನು ಹಾಡಿ ಕನ್ನಡಿಗರಾದ ಮಕ್ಕಳ ಲೆಕ್ಕವನ್ನು ಇಟ್ಟವರಿಲ್ಲ. ಮಕ್ಕಳ ಪುಸ್ತಕಗಳನ್ನು ಹೊರತರುವುದಕ್ಕೆಂದು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸುವುದರಲ್ಲಿಯೂ ಅವರೇ ಮುಂದಾಳು.

ಅವರ ಕಥೆಗಳಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಆಂಗ್ಲ ಕವಿಯೊಬ್ಬನ ಕಿನ್ನರಿಜೋಗಿಯ ಕಥನವನ್ನು ಇಲಿಗಳ ಥಕಥೈ ಎಂದು ಕನ್ನಡಕ್ಕೆ ಕುಣಿಸಿ ತಂದ ಅದೇ ಲೇಖನಿಯು, ಸಿಗಡಿ ಯಾಕೆ ಒಣಗಲಿಲ್ಲ ಎಂಬ ಕಡಲತಡಿಯ ಕಥೆಯನ್ನೂ, ತುಳುನಾಡಿನ ಬಲಶಾಲಿ ಅಗೋಳಿ ಮಂಜಣನ ಕಥೆಯನ್ನೂ ಬರೆಯಿತು. ಎಲ್ಲಕ್ಕಿಂತ ಮುಖ್ಯವಾಗಿ, ತುಳು ಪಾಡ್ದನಗಳಲ್ಲಿ ಮಾತ್ರ ಬಾಳುತ್ತಿದ್ದ ಕೋಟಿಚೆನ್ನಯರನ್ನು ಕನ್ನಡ ಗದ್ಯಕ್ಕೆ ತಂದಿತು.

ಕೋಟಿಚೆನ್ನಯರ ಕಥೆಯು ನಮ್ಮ ಇಂದಿನ ವಿಷಯಕ್ಕೆ ಸಮೀಪವಾದುದು. ದೇಯಿ ಬೈದೆತಿಯ ಮಕ್ಕಳಾದ ಆ ಅವಳಿ ವೀರರು ಪಡುಮಲೆಯಲ್ಲಿ ಹುಟ್ಟಿ ಬೆಳೆದವರು. ಅಲ್ಲಿಯ ಮಂತ್ರಿಯೊಡನೆ ಹಗೆ ಬೆಳೆದು, ಬಲ್ಲಾಳನಲ್ಲಿ ನ್ಯಾಯ ದೊರೆಯದೆ, ಹುಟ್ಟಿದ ಸೀಮೆಯನ್ನು ಬಿಟ್ಟು ಹೊರಟರು. ಪಂಜಕ್ಕೆ ಹೋದಾಗ ಅಲ್ಲಿಯ ಆಳುವವರು ಮೋಸದಿಂದ ಸೆರೆಯಲ್ಲಿಟ್ಟರು. ಸೆರೆಮನೆಯನ್ನು ಮುರಿದು ಅವರು ಎಣ್ಮೂರಿಗೆ ಬಂದರು. ಎಣ್ಮೂರಿನ ದೇವಬಲ್ಲಾಳನು ಅವರಿಗೆ ಆಶ್ರಯವಿತ್ತನು. ಕಡೆಗೆ ಎಣ್ಮೂರಿನ ಮೇಲೆ ದಂಡು ಬಂದಾಗ, ತಮ್ಮನ್ನು ಬರಮಾಡಿಕೊಂಡ ಆ ನೆಲಕ್ಕಾಗಿ ಕಾದಾಡಿ ಪ್ರಾಣಬಿಟ್ಟರು. ಇಂದು ಗರಡಿಗರಡಿಗಳಲ್ಲಿ ಪೂಜೆಗೊಳ್ಳುವ ಆ ವೀರರು ಎಣ್ಮೂರಿಗೆ ಹೊರಗಿನವರೇ ಆಗಿದ್ದರಲ್ಲವೇ? ಅವರ ನಿಷ್ಠೆಯನ್ನು ಎಣ್ಮೂರು ಪಡೆದುದು ಹುಟ್ಟಿನ ಹಕ್ಕಿನಿಂದಲ್ಲ, ಕೊಟ್ಟ ಆಶ್ರಯದಿಂದ. ಪಂಜವು ಅವರ ಹಗೆತನವನ್ನು ಪಡೆದುದು ಹಾಕಿದ ಬೇಡಿಯಿಂದ. ಬಂದವರಿಗೆ ನಿಷ್ಠೆಯುಂಟೋ ಇಲ್ಲವೋ ಎಂದು ಕೇಳುವ ನಾಡು ತಾನು ಎಣ್ಮೂರಾಗಿ ನಡೆದಿದೆಯೋ ಪಂಜವಾಗಿ ನಡೆದಿದೆಯೋ ಎಂದೂ ಕೇಳಿಕೊಳ್ಳಬೇಕು. ತನ್ನ ಮನೆತನಕ್ಕೆ ಹೆಸರು ಕೊಟ್ಟ ಊರಿನ ಈ ಅಪಕೀರ್ತಿಯ ಕಥೆಯನ್ನು ಪಂಜೆಯವರು ಮರೆಮಾಚದೆ ಹೇಳಿದರು. ಬಿಲ್ಲವ ವೀರರ ತುಳು ಕಥೆಯನ್ನು ಕೊಂಕಣಿ ಮನೆಯ ಬ್ರಾಹ್ಮಣರೊಬ್ಬರು ಕನ್ನಡದಲ್ಲಿ ಬರೆದರು. ಅದನ್ನು ಇಡೀ ಕನ್ನಡನಾಡು ತನ್ನದೆಂದು ಓದಿತು.

ಉದ್ಯೋಗವು ಅವರನ್ನು ಘಟ್ಟದ ಮೇಲೆ ಕೊಡಗಿಗೂ ಕರೆದೊಯ್ದಿತು. ಮಡಿಕೇರಿಯ ಪ್ರೌಢಶಾಲೆಯಲ್ಲಿ ಅವರು ಮುಖ್ಯೋಪಾಧ್ಯಾಯರಾಗಿದ್ದರು. ಕೊಡಗು ಆಗ ಬೇರೆಯೇ ಒಂದು ಪ್ರಾಂತ. ಮದರಾಸಿಗೂ ಸೇರಿದುದಲ್ಲ, ಮೈಸೂರಿಗೂ ಸೇರಿದುದಲ್ಲ. ಅಲ್ಲಿಯ ಜನರ ಮಾತು ಕೊಡವ; ಉಡುಪು, ಆಯುಧ, ಹಬ್ಬ, ಎಲ್ಲವೂ ಬೇರೆ. ಸಂಬಳಕ್ಕಾಗಿ ಬಂದ ಅಧಿಕಾರಿಯು ವರ್ಗದ ಆಜ್ಞೆಯನ್ನು ಎದುರುನೋಡುತ್ತ ದಿನಗಳನ್ನೆಣಿಸುವುದು ಲೋಕರೂಢಿ. ಪಂಜೆಯವರು ಹಾಗೆ ಮಾಡದೆ ಕೊಡಗಿನ ಬೆಟ್ಟಗಳನ್ನೂ, ಕಾವೇರಿಯನ್ನೂ, ಆ ಜನರ ಶೌರ್ಯವನ್ನೂ, ಹೊಸ ತೆನೆಯನ್ನು ಮನೆತುಂಬಿಸುವ ಹುತ್ತರಿಯ ಸಡಗರವನ್ನೂ ಕಣ್ತುಂಬ ನೋಡಿದರು. ಅದರ ಫಲವಾಗಿ ಹುಟ್ಟಿದುದು ಹುತ್ತರಿ ಹಾಡು. ಕೊಡವರು ಅದನ್ನು ತಮ್ಮ ನಾಡಹಾಡೆಂಬಂತೆ ಎತ್ತಿಕೊಂಡರು. ಹಾಡಿದ ಕವಿಯು ಹುಟ್ಟಿನಿಂದ ಕೊಡವನಲ್ಲ, ಹಾಡಿನ ಭಾಷೆಯೂ ಕೊಡವ ಮಾತಲ್ಲ. ಆದರೂ ನಾಡಿನ ಹೃದಯವು ಅದರಲ್ಲಿ ತನ್ನನ್ನು ಕಂಡುಕೊಂಡಿತು. ಒಂದು ನಾಡು ಅನ್ಯನೊಬ್ಬನಿಗೆ ಕೊಡಬಹುದಾದ ಪೌರತ್ವಗಳಲ್ಲಿ ಇದಕ್ಕಿಂತ ಹಿರಿದು ಯಾವುದು?

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕಡಲಾಚೆಯ ಅಮೇರಿಕದಲ್ಲಿ ನಡೆದ ಒಂದು ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪಂಜಾಬಿನಲ್ಲಿ ಹುಟ್ಟಿ ಅಲ್ಲಿಗೆ ಹೋದ ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖರು ಮೊದಲನೆಯ ಮಹಾಯುದ್ಧದಲ್ಲಿ ಆ ದೇಶದ ಸೈನ್ಯದ ಸಮವಸ್ತ್ರವನ್ನು ಧರಿಸಿದವರು. ಅವರು ಪೌರತ್ವವನ್ನು ಕೇಳಿದಾಗ, ೧೯೨೩ರಲ್ಲಿ ಅಲ್ಲಿಯ ವರಿಷ್ಠ ನ್ಯಾಯಾಲಯವು, ಭಾರತೀಯರು ಬಿಳಿಯ ಜನರಲ್ಲವಾದುದರಿಂದ ಅರ್ಹರಲ್ಲವೆಂದು ತೀರ್ಪಿತ್ತಿತು. ಸೈನ್ಯದಲ್ಲಿ ಸೇವೆ ಮಾಡಿದವರಿಗೆಂದು ಮಾಡಿದ ಬೇರೊಂದು ಕಾನೂನಿನಿಂದ ೧೯೩೬ರಲ್ಲಿ ಅವರು ಪೌರರಾದರು. ಭಾರತೀಯರೆಲ್ಲರಿಗೂ ಆ ಬಾಗಿಲು ತೆರೆದುದು ೧೯೪೬ರಲ್ಲಿ. ಸೇವೆಯನ್ನು ನೋಡದೆ ಚರ್ಮವನ್ನು ನೋಡಿದ ಆ ತೀರ್ಪನ್ನು ಓದಿ ನಮಗೆ ನೋವಾಗುತ್ತದೆ. ಹಾಗಾದರೆ ನಮ್ಮ ನೆರೆಯವನನ್ನು ಅವನ ಮನೆಮಾತಿನಿಂದಲೋ ಅಜ್ಜನ ಊರಿನಿಂದಲೋ ಅಳೆಯುವಾಗಲೂ ನಮಗೆ ಅದೇ ನೋವಾಗಬೇಡವೇ?

ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಇದರ ಕಹಿ ಪಾಠವಿದೆ. ಸಾರಸ್ವತರಂತೆಯೇ ಗೋವೆಯಿಂದ ಬಂದು ಇಲ್ಲಿ ಬೇಸಾಯಕ್ಕೆ ನಿಂತ ಕ್ರೈಸ್ತರನ್ನು, ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ, ೧೭೮೪ರಲ್ಲಿ ಟಿಪ್ಪು ಸುಲ್ತಾನನು ಹೆಂಗಸರು ಮಕ್ಕಳೆನ್ನದೆ ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಯಿಸಿದನು. ೧೭೯೯ರ ಬಳಿಕ ಬದುಕುಳಿದವರು ಮರಳಿ ಬಂದರು. ಕೆಲವರ ಮೇಲಿನ ಸಂಶಯಕ್ಕೆ ಒಂದು ಸಮಾಜವನ್ನೇ ದಂಡಿಸುವುದು ರಾಜನೀತಿಯಾಗಲಾರದು. ಯಾವ ಧರ್ಮದ ಅರಸನು ಯಾವ ಧರ್ಮದ ಪ್ರಜೆಯನ್ನು ಹೀಗೆ ನಡೆಯಿಸಿಕೊಂಡರೂ ನಮ್ಮ ಅಭಿಪ್ರಾಯವು ಇದೇ.

ಪಂಜೆಯವರ ವಿಷಯದಲ್ಲಿ ಒಂದು ಆಕ್ಷೇಪವನ್ನು ಕೆಲವರು ಎತ್ತಬಹುದು. ಅವರು ಪರಸರ್ಕಾರದ ನೌಕರರಾಗಿದ್ದರು, ಸೆರೆಮನೆಯನ್ನು ಕಂಡವರಲ್ಲ, ಇಂಥವರನ್ನು ರಾಷ್ಟ್ರನಿಷ್ಠೆಗೆ ಉದಾಹರಣೆಯಾಗಿ ಹೇಗೆ ಕೊಡುವಿರಿ ಎಂದು. ಇದು ತಳ್ಳಿಹಾಕತಕ್ಕ ಆಕ್ಷೇಪವಲ್ಲ. ಅದೇ ಸಮಾಜದ ಕಾರ್ನಾಡು ಸದಾಶಿವರಾಯರು ಗಾಂಧೀಜಿಯವರ ಹಿಂದೆ ನಡೆದು, ಸೆರೆಮನೆಯನ್ನು ಸೇರಿ, ಸಿರಿವಂತಿಕೆಯನ್ನೆಲ್ಲ ಸ್ವಾತಂತ್ರ್ಯಕ್ಕೂ ದೀನಜನರಿಗೂ ಸುರಿದು, ೧೯೩೭ರ ಜನವರಿಯಲ್ಲಿ ಬರಿಗೈಯವರಾಗಿ ತೀರಿಕೊಂಡರು. ಆ ತ್ಯಾಗಕ್ಕೆ ಸಮನಾದುದು ಪಂಜೆಯವರ ಜೀವಿತದಲ್ಲಿದೆಯೆಂದು ನಾವು ಹೇಳುವುದಿಲ್ಲ. ಆದರೆ ರಾಷ್ಟ್ರವೆಂಬುದು ಬಿಡುಗಡೆ ಹೊಂದುವುದಕ್ಕೆ ಮೊದಲು ಇರಬೇಕಲ್ಲವೇ? ಒಬ್ಬರ ಹಾಡನ್ನು ಮತ್ತೊಬ್ಬರು ಹಾಡಲಾರದ, ಒಬ್ಬರ ವೀರನನ್ನು ಮತ್ತೊಬ್ಬರು ಅರಿಯದ ಜನಸಮೂಹವು ಬಿಡುಗಡೆ ಪಡೆದರೂ ಒಂದಾಗಿ ನಿಲ್ಲಲಾರದು. ಸದಾಶಿವರಾಯರು ನಾಡಿನ ಸಂಕಲೆಯನ್ನು ಕಡಿಯಲು ದುಡಿದರು. ಮಂಗೇಶರಾಯರು ನಾಡಿನ ಜನರನ್ನು ಹೊಲಿದು ಸೇರಿಸಲು ದುಡಿದರು. ಎರಡೂ ದೇಶದ ಕೆಲಸವೇ.

೧೯೩೪ರಲ್ಲಿ ರಾಯಚೂರಿನಲ್ಲಿ ನೆರೆದ ಇಪ್ಪತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾಗಿ ಆರಿಸಲ್ಪಟ್ಟರು. ರಾಯಚೂರು ಆಗ ನಿಜಾಮರ ಸಂಸ್ಥಾನದಲ್ಲಿತ್ತು. ಅಲ್ಲಿಯ ಕಚೇರಿಯ ಭಾಷೆ ಉರ್ದು. ಕನ್ನಡಿಗರು ತಮ್ಮ ಊರಿನಲ್ಲಿಯೇ ಅನ್ಯರಂತೆ ಬಾಳುತ್ತಿದ್ದರು. ಆ ಜನರ ನಡುವೆ ಕನ್ನಡದ ಪರವಾಗಿ ನಿಲ್ಲಲು ನಾಡು ಆರಿಸಿದುದು ಮನೆಯಲ್ಲಿ ಕೊಂಕಣಿಯನ್ನಾಡುವ, ಮದರಾಸು ಪ್ರಾಂತದ ಈ ಕರಾವಳಿಯವರನ್ನು. ಅವರ ಮೂಲವನ್ನು ಯಾರೂ ಕೇಳಲಿಲ್ಲ. ಮೂರು ವರ್ಷಗಳ ಬಳಿಕ, ೧೯೩೭ರ ಅಕ್ಟೋಬರಿನಲ್ಲಿ, ಅದೇ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿನಲ್ಲಿ ಅವರು ದಿವಂಗತರಾದರು. ಸದಾಶಿವರಾಯರನ್ನು ಕಳೆದುಕೊಂಡ ವರ್ಷದಲ್ಲಿಯೇ ಜಿಲ್ಲೆಯು ಮಂಗೇಶರಾಯರನ್ನೂ ಕಳೆದುಕೊಂಡಿತು.

ಈ ಜೀವಿತದಿಂದ ನಮಗೆ ತಿಳಿಯುವುದೇನು? ಮನೆಮಾತನ್ನು ಬಿಟ್ಟರೆ ಮಾತ್ರ ನಾಡಿಗೆ ಸೇರಬಹುದೆಂಬುದು ಸುಳ್ಳು. ನಾಡಿನ ಮಾತನ್ನು ಕಲಿಯದೆಯೂ ನಾಡಿಗೆ ಸೇರಬಹುದೆಂಬುದೂ ಸುಳ್ಳು. ಬಂದವನು ನೆರೆಯವನ ಕಥೆಯನ್ನು ಕಿವಿಗೊಟ್ಟು ಕೇಳಿ ತನ್ನ ಕೈಯಿಂದ ಏನಾದರೊಂದನ್ನು ಈ ನೆಲಕ್ಕೆ ಕೊಡಬೇಕು. ಇದು ಅವನ ಧರ್ಮ. ಇದ್ದವನು ಶಾಲೆಯ ಬಾಗಿಲನ್ನೂ ಕಚೇರಿಯ ಬಾಗಿಲನ್ನೂ ತೆರೆದಿಡಬೇಕು. ಇದು ನಾಡಿನ ಧರ್ಮ. ಪಂಜೆಯವರಿಗೆ ಆ ಬಾಗಿಲುಗಳು ಮುಚ್ಚಿದ್ದಲ್ಲಿ ಹುತ್ತರಿ ಹಾಡೂ ಇಲ್ಲ, ಹಾವಿನ ಹಾಡೂ ಇಲ್ಲ. ೧೯೫೦ರ ಜನವರಿ ೨೬ರಿಂದ ಜಾರಿಯಲ್ಲಿರುವ ನಮ್ಮ ಸಂವಿಧಾನವೂ ಈ ಎರಡು ಧರ್ಮಗಳನ್ನು ಬಲ್ಲುದು. ಅದು ಪೌರತ್ವಕ್ಕೆ ಭಾಷೆಯನ್ನಾಗಲಿ ಮತವನ್ನಾಗಲಿ ಒರೆಗಲ್ಲಾಗಿ ಇಡಲಿಲ್ಲ. ತನ್ನದೇ ಭಾಷೆಯುಳ್ಳ ಯಾವ ಪೌರಸಮೂಹಕ್ಕೂ ಅದನ್ನು ಉಳಿಸಿಕೊಳ್ಳುವ ಹಕ್ಕನ್ನು ಇಪ್ಪತ್ತೊಂಬತ್ತನೆಯ ವಿಧಿಯಲ್ಲಿ ಕೊಟ್ಟಿತು.

ಕಾಸರಗೋಡಿನ ಕನ್ನಡಿಗರು ಈ ಹಕ್ಕಿನ ಬೆಲೆಯನ್ನು ಚೆನ್ನಾಗಿ ಬಲ್ಲರು. ೧೯೫೬ರ ನವೆಂಬರ್ ೧ರಂದು ಆ ಸೀಮೆಯು ಕೇರಳಕ್ಕೆ ಸೇರಿತು. ಪಂಜೆಯವರ ಶಿಷ್ಯರಾದ ಗೋವಿಂದ ಪೈಗಳು, ಅವರೂ ಕೊಂಕಣಿ ಮನೆಯವರೇ, ಕನ್ನಡದ ರಾಷ್ಟ್ರಕವಿಯೆನಿಸಿಕೊಂಡಿದ್ದರೂ ತಮ್ಮ ಕೊನೆಯ ವರ್ಷಗಳನ್ನು ಮಂಜೇಶ್ವರದಲ್ಲಿ ಬೇರೊಂದು ರಾಜ್ಯದ ಪ್ರಜೆಯಾಗಿ ಕಳೆದು ೧೯೬೩ರಲ್ಲಿ ತೀರಿಕೊಂಡರು. ಕಾಸರಗೋಡಿನ ಮಕ್ಕಳಿಗೆ ಕನ್ನಡದಲ್ಲಿ ಪಾಠವಾಗಬೇಕು, ಅಲ್ಲಿಯ ಕಚೇರಿಗಳಲ್ಲಿ ಕನ್ನಡದ ಅರ್ಜಿಗೆ ಉತ್ತರ ದೊರೆಯಬೇಕು ಎಂದು ನಾವು ಕೇಳುತ್ತೇವೆ. ನ್ಯಾಯವಾಗಿಯೇ ಕೇಳುತ್ತೇವೆ. ಅಲ್ಲಿ ನಾವು ಬೇಡುವುದನ್ನು ಇಲ್ಲಿ ಇತರರಿಗೆ ನಿರಾಕರಿಸಿದರೆ ನಮ್ಮ ಬೇಡಿಕೆಗೆ ಬಲವೆಲ್ಲಿಂದ ಬಂದೀತು?

ಇಂದು ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಯ ಸೀಮೆಗಳಲ್ಲಿ ಕಟ್ಟಡದ ಕೆಲಸಕ್ಕೂ ತೋಟದ ಕೆಲಸಕ್ಕೂ ಬಡಗಣ ಕರ್ನಾಟಕದಿಂದಲೂ ಬಿಹಾರ ಅಸ್ಸಾಂಗಳಿಂದಲೂ ಜನರು ಬಂದಿದ್ದಾರೆ. ಅವರ ಮಕ್ಕಳು ನಮ್ಮ ಸರ್ಕಾರಿ ಶಾಲೆಗಳ ಮೆಟ್ಟಿಲ ಬಳಿ ನಿಂತಿದ್ದಾರೆ. ತಂದೆಯ ಕೆಲಸ ಮುಗಿದೊಡನೆ ಊರು ಬದಲಾಗುವ ಆ ಮಕ್ಕಳ ಕೈಯಲ್ಲಿ ಕೆಲವು ವೇಳೆ ವರ್ಗಾವಣೆಯ ಪತ್ರವಿರುವುದಿಲ್ಲ, ಜನನದ ಪತ್ರವಿರುವುದಿಲ್ಲ. ಕಾಗದವನ್ನು ಕೇಳಿ ಹಿಂದೆ ಕಳುಹಿಸುವುದು ಸುಲಭ. ಮಗುವನ್ನು ಒಳಗೆ ಕುಳ್ಳಿರಿಸಿ, ಪಂಜೆಯವರ ಒಂದು ಹಾಡನ್ನು ಕಲಿಸಿ, ಕಾಗದವನ್ನು ಆಮೇಲೆ ತರಿಸಿಕೊಳ್ಳುವುದು ಸ್ವಲ್ಪ ಕಷ್ಟದ ಕೆಲಸ. ವಿದ್ಯಾ ಇಲಾಖೆಯ ಅಧಿಕಾರಿಗಳು ಈ ಕಷ್ಟದ ಕೆಲಸವನ್ನು ಕೈಗೊಳ್ಳಬೇಕೆಂದೂ, ಊರಿನ ಗೃಹಸ್ಥರು ಅವರ ಬೆಂಬಲಕ್ಕೆ ನಿಲ್ಲಬೇಕೆಂದೂ ನಾವು ಕೋರುತ್ತೇವೆ. ಅವರದೇ ಇಲಾಖೆಯ ಇನ್‌ಸ್ಪೆಕ್ಟರರೊಬ್ಬರು ನೂರು ವರ್ಷಗಳ ಹಿಂದೆ ಇದೇ ಹಳ್ಳಿಗಳಲ್ಲಿ ನಡೆದಾಡಿ ಈ ಕೆಲಸದ ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದ್ದಾರೆ. ಅದನ್ನು ತಿದ್ದುವ ಕೆಲಸ ನಮ್ಮದು.